ಮೂರನೇ ತಂತಿ

ಶನಿವಾರ ರಾತ್ರಿ ಬಂದ್ಯೋಡಿನ ಮದುವೆಯಲ್ಲಿ
ಎರಡನೇ ಹಾಡಿನ ನಡುವೆ ಮೂರನೇ ತಂತಿ ಕಡಿಯಿತು.
ಯಾರಿಗೂ ಗೊತ್ತಾಗಲಿಲ್ಲ.
ಹಾಡುವವಳು ಹಾಡಿದಳು, ಬಿರಿಯಾನಿಯ ಸಾಲು ಮುಂದೆ ಸರಿಯಿತು,
ಮದುಮಗ ಕನ್ನಡಕ ಒರೆಸಿಕೊಂಡ.
ಚಪ್ಪರದ ಹಿಂದೆ ಜನರೇಟರಿನ ಪಕ್ಕ ತೂಕಡಿಸುತ್ತಿದ್ದ
ಕುಂಞಿಕಣ್ಣನೊಬ್ಬ ಎದ್ದು ಬಂದು ಕೇಳಿದ:
"ಎಂತ ಮಾರಾಯಾ, ಲೋಡು ಇಳಿಯಿತಲ್ಲ?"

ಬೇಸ್ ಬಾರಿಸುವವನಿಗೆ ಇಷ್ಟು ಸಿಕ್ಕಿದರೆ ದೊಡ್ಡದು.

ಸೋಮವಾರ ಐಸ್ ಪ್ಲಾಂಟಿಗೆ ಅರ್ಧ ದಿನ ರಜೆ ಹಾಕಿ
ಕಾಸರಗೋಡಿನ ಬಸ್ಸು ಹತ್ತಿದೆ.
ಅಂದುಂಞಿಚ್ಚನ ಅಂಗಡಿ. ಕೆಳಗೆ ಚಪ್ಪಲಿ, ಮಾಳಿಗೆಯಲ್ಲಿ ಸಂಗೀತ.
ಗಾಜಿನ ಮೇಜಿನ ಮೇಲೆ ನಾಲ್ಕು ಪೊಟ್ಟಣ ಇಟ್ಟರು,
ಮೀನಿನ ಹೆಂಗಸರು ಪಾಲು ಹಾಕುವ ಹಾಗೆ.

ಇದು ಸ್ಟೀಲು. ಜೋರು ಬಾಯಿ. ಬೆರಳಿನ ಚರ್ಮ ತಿನ್ನುತ್ತದೆ.
ಇದು ನಿಕ್ಕಲ್, ಎಲ್ಲರೂ ಒಯ್ಯುವುದು, ದೂರು ಬಂದದ್ದಿಲ್ಲ.
ಇದಕ್ಕೆ ಮೇಲೆ ಎಂತದೋ ಲೇಪ ಉಂಟು, ತುಕ್ಕು ಹಿಡಿಯುವುದಿಲ್ಲವಂತೆ,
ಬೆಲೆ ಕೇಳಬೇಡ.
ಮತ್ತೆ ಇದು ಚಪ್ಪಟೆ ಸುತ್ತಿನದು. ಎರಡು ವರ್ಷದಿಂದ ಇಲ್ಲೇ ಮಲಗಿದೆ.
ನಿನ್ನ ಸಿರಿಲ್ ಮಾಸ್ಟರ ನಂತರ ಹೆಸರು ಹೇಳಿ ಕೇಳಿದವರಿಲ್ಲ.

ಬಿಚ್ಚಿ ನೋಡುವ ಹಾಗಿಲ್ಲ.
ಮೀನಾದರೆ ಕಿವಿರು ಎತ್ತಿ ಕೆಂಪು ನೋಡಬಹುದು.
ತಂತಿಯನ್ನು ಹಣ ಕೊಟ್ಟ ಮೇಲೆಯೇ ಕೇಳಬೇಕು.

ಪೊಟ್ಟಣದ ಹಿಂದಿನ ಅಂಕೆ ಓದಿದೆ:
ನಲವತ್ತೈದು, ಅರವತ್ತೈದು, ಎಂಬತ್ತೈದು, ನೂರೈದು,
ಇಂಚನ್ನು ಸಾವಿರ ಮಾಡಿದ ಲೆಕ್ಕ.
ಅಪ್ಪ ತಂಗೂಸು ಕೊಳ್ಳುವಾಗ ಅಂಕೆ ಓದುತ್ತಿರಲಿಲ್ಲ.
ಎರಡು ಬೆರಳ ನಡುವೆ ಎಳೆದು, ಕಣ್ಣು ಮುಚ್ಚಿ,
"ಇದು ಕಾಣೆಗೆ" ಎನ್ನುತ್ತಿದ್ದರು, "ಇದು ತೊರಕೆಗೆ."
ತೊರಕೆ ಮೇಲೆ ಬರುವುದಿಲ್ಲ. ಮರಳಿಗೆ ಹೊಟ್ಟೆ ಹಚ್ಚಿ ಮಲಗುತ್ತದೆ.
ಅದು ಮಗ್ಗುಲು ಬದಲಿಸಿದರೆ ದೋಣಿಯಲ್ಲಿದ್ದವನ
ಅಂಗಾಲಿಗೆ ಗೊತ್ತಾಗುತ್ತದಂತೆ.
ನಾನು ನಂಬಿರಲಿಲ್ಲ, ಬೇಸ್ ಹಿಡಿಯುವವರೆಗೆ.

ಸಿರಿಲ್ ಮಾಸ್ಟರು ಹತ್ತೊಂಬತ್ತು ವರ್ಷ ತಂತಿ ಬದಲಿಸಲಿಲ್ಲ.
ಇಗರ್ಜಿಯ ಹಬ್ಬಕ್ಕೂ ಕ್ಲಬ್ಬಿನ ವಾರ್ಷಿಕೋತ್ಸವಕ್ಕೂ ಅದೇ ನಾಲ್ಕು.
"ಹೊಸ ತಂತಿ ತುಂಬಾ ಮಾತಾಡುತ್ತದೆ, ಲೋಲಾಕ್ಷ."
ಅವರು ತೀರಿಕೊಂಡ ವರ್ಷ ನಾನೊಮ್ಮೆ ಅವನ್ನು ಬಿಚ್ಚಿ
ಅಕ್ಕ ಕುಚ್ಚಲಕ್ಕಿ ಬೇಯಿಸುವ ಪಾತ್ರೆಯಲ್ಲಿ ಕುದಿಸಿದೆ;
ಕುದಿಸಿದರೆ ತಂತಿಗೆ ಹರೆಯ ಬರುತ್ತದೆಂದು ಯಾರೋ ಹೇಳಿದ್ದರು.
ನೀರು ಕಂದಾಯಿತು. ಮೇಲೆ ತೇಲಿದ್ದು
ಬೆವರು, ಉಪ್ಪು, ತುಪ್ಪದನ್ನದ ಜಿಡ್ಡು,
ಹತ್ತೊಂಬತ್ತು ವರ್ಷದ ಮದುವೆಗಳು.
ಅಕ್ಕ ಆ ಪಾತ್ರೆಯನ್ನೇ ತೆಂಗಿನ ಬುಡಕ್ಕೆ ಎಸೆದಳು.
ತಂತಿ ಎರಡು ದಿನ ಮಿಂಚಿತು.
ಮೂರನೇ ದಿನ ಮತ್ತೆ ಮಾಸ್ಟರ ಕಡೆ ಸೇರಿತು.

ಚಪ್ಪಟೆಯ ಪೊಟ್ಟಣವನ್ನು ಕೈಯಲ್ಲಿ ತೂಗಿದೆ.
ಆರು ದಿನದ ಮಂಜುಗಡ್ಡೆ.
"ಬೇಗ ಹೇಳು, ಬಾಂಗಿನ ಹೊತ್ತಾಯಿತು."
ಒಂದೇ ತಂತಿ ಕೊಡುವಿರಾ? ಕಡಿದದ್ದು ಒಂದೇ.
"ಒಂದೇ ಕಾಲಿನ ಚಪ್ಪಲಿ ಕೆಳಗೂ ಕೊಡುವುದಿಲ್ಲ" ಎಂದು ನಕ್ಕರು.
ಆಮೇಲೆ, ನನ್ನ ಮುಖ ನೋಡಿಯೋ ಏನೋ,
ಒಂದು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಕೊಡವಿದರು:
ಹಾರ್ಮೋನಿಯಮ್ಮಿನ ಹಿತ್ತಾಳೆ ನಾಲಗೆ, ತಬಲಾದ ಸುತ್ತಿಗೆ,
ವಯಲಿನ್ನಿನ ಮುರಿದ ಕುದುರೆ,
ಅಡಿಯಲ್ಲಿ ಸುರುಳಿ ಸುತ್ತಿ ಮಲಗಿದ ಒಂಟಿ ತಂತಿ.
ಸ್ಟೀಲು. ಎಂಬತ್ತೈದು.
ಚೌಕಾಸಿ ತುಳುವಿನಲ್ಲಿ ನಡೆಯಿತು. ಬಿಲ್ಲು ಮಲಯಾಳದಲ್ಲಿ.

ಸಂಜೆ ಕೊಯಿಪ್ಪಾಡಿಯ ಜಗಲಿಯಲ್ಲಿ ಅದನ್ನು ಏರಿಸಿದೆ.
ಮೂರು ಮುದುಕರ ನಡುವೆ ಒಂದು ಜೋರು ಬಾಯಿ.
ಶ್ರುತಿಯೇನೋ ಸರಿ. ಆದರೆ ಬೆರಳು ಅಲ್ಲಿಗೆ ಬಂದಾಗಲೆಲ್ಲ
ಹಾಡಿನೊಳಗೆ ಯಾರೋ ಟ್ಯೂಬ್‌ಲೈಟ್ ಹಾಕಿದ ಹಾಗೆ.
ಅಕ್ಕ ಬಲೆಯಿಂದ ಕಣ್ಣೆತ್ತಲಿಲ್ಲ.
"ಒಂದು ಹೊಸದು" ಎಂದಳು, ಅಷ್ಟೆ.

ತೊಂದರೆಯಿಲ್ಲ.
ಇಲ್ಲಿಯ ಗಾಳಿ ಬಾಗಿಲ ಕೊಂಡಿಯನ್ನೇ ಬಿಟ್ಟಿಲ್ಲ.
ಎರಡು ಮಳೆಗಾಲ, ಹೆಚ್ಚೆಂದರೆ ಮೂರು.
ಅಷ್ಟರವರೆಗೆ ಅದನ್ನು ಸ್ವಲ್ಪ ಮೆಲ್ಲ ಮುಟ್ಟುತ್ತೇನೆ.
ಶುಕ್ರವಾರ ಉಪ್ಪಳದಲ್ಲಿ ಕಾರ್ಯಕ್ರಮ.
ಕುಂಞಿಕಣ್ಣನದೇ ಜನರೇಟರು.