ಪನಿ

ಆರೋಗ್ಯ ಕೇಂದ್ರದಿಂದ ಬಂದ ಕಾಗದ ಮಲಯಾಳದಲ್ಲಿತ್ತು,
ಕೆಳಗೊಂದು ದುಂಡು ಮೊಹರು, ಅರ್ಧವಷ್ಟೇ ಮೂಡಿದ್ದು.
ಬಂದ್ಯೋಡಿನ ನಮ್ಮ ಅಂಗನವಾಡಿಯ ಬಾಗಿಲಿಗೆ
ಅನ್ನದ ಅಗುಳು ಮೆತ್ತಿ ಅಂಟಿಸಿದೆ.
ಪಗರ್ಚಪ್ಪನಿ, ಎಂದು ದಪ್ಪಕ್ಷರದ ತಲೆಬರಹ.

"ಪನಿಗೆಲ್ಲ ನೋಟೀಸು ಎಂತಕ್ಕೆ ಟೀಚರೆ?"
ಎಂದಳು ಮನೆಯಲ್ಲಿ ತುಳು ಆಡುವ ಚನಿಯಾರು.
ಅವಳಿಗೆ ಪನಿಯೆಂದರೆ ತುಂತುರು,
ಕೊಡೆ ಬಿಚ್ಚಬೇಕೋ ಬೇಡವೋ ಎನ್ನುವಷ್ಟು.
ನನಗೆ ಪ್ರೀಡಿಗ್ರಿಯ ಹಳಗನ್ನಡ:
ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪನಿ ಹನಿಯಾಯಿತು.
ಗಂಜಿ ಬೇಯಿಸುವ ಬೀಫಾತಿಮ್ಮನಿಗೆ
ಪನಿಯೆಂದರೆ ಜ್ವರ, ಬೇರೇನೂ ಅಲ್ಲ.
ಒಂದೇ ಬಾಗಿಲೆದುರು ಮೂವರು
ಮೂರು ಹವೆಯಲ್ಲಿ ನಿಂತಿದ್ದೆವು.

ಎಲ್ಲರದ್ದೂ ಸರಿಯೇ, ಎಂದೆ ಆಮೇಲೆ.
ಕೆಮ್ಮಿದರೆ ಬಾಯಿಂದ ಹಾರುವುದು ಹನಿ,
ಕಣ್ಣಿಗೆ ಕಾಣದ ತುಂತುರು,
ಪಕ್ಕದ ಮಗುವಿಗೆ ತಗಲಿದರೆ ಜ್ವರ.
"ಕೊಡೆ ಹಿಡೀಬೇಕಾದ್ದು ಬಾಯಿಗೆ ಹಾಗಾದ್ರೆ,"
ನಕ್ಕಳು ಚನಿಯಾರು.

ಹದಿನಾರು ಮಕ್ಕಳಿಗೆ ಮೊಣಕೈ ಕಲಿಸಿದೆ.
ಅದು ಎಲ್ಲಿದೆಯೆಂದು ಹುಡುಕಲು ಒಂದು ದಿನ,
ಬಾಯಿಯ ತನಕ ಬರುತ್ತದೆಂದು ನಂಬಲು ಇನ್ನೊಂದು.
ಮೆಲ್ವಿನ್, ಕೆಮ್ಮು ಬಾರದ್ದಕ್ಕೆ, ನೆಕ್ಕಿ ನೋಡಿದ.
ಇಪ್ಪತ್ತು ಎಣಿಸುವ ತನಕ ಕೈ ಉಜ್ಜಬೇಕು;
ಅವರಿಗೆ ಹನ್ನೆರಡರ ಮೇಲೆ ಬಾರದು,
ಹನ್ನೆರಡಾದ ಮೇಲೆ ಮತ್ತೆ ಒಂದರಿಂದ.
ವಾರದಲ್ಲಿ ಎರಡು ಸಾಬೂನು ಸವೆಯಿತು.

ಗುರುವಾರ ಒಂಬತ್ತೂವರೆಗೆ ಮಿಸ್ರಿಯಾ ಬಂದಳು,
ಸಿಗಡಿ ಸುಲಿಯುವ ಶೆಡ್ಡಿಗೆ ಆಗಲೇ ತಡ,
ಸೊಂಟದ ಮೇಲೆ ರಿಫಾ.
"ಹಣೆ ಮುಟ್ಟಿ ನೋಡಿ ಟೀಚರೆ, ತಣ್ಣಗೆ ಉಂಟು."
ತಣ್ಣಗೇ ಇತ್ತು. ತುಟಿಯಂಚಿಗೆ ಗುಲಾಬಿ ಕಲೆ,
ಉಸಿರಲ್ಲಿ ಸ್ಟ್ರಾಬೆರಿ.
ಆರು ಗಂಟೆಗೆ ಕುಡಿಸಿದ ಸಿರಪ್ಪು
ಹನ್ನೊಂದರ ತನಕ ಸುಳ್ಳು ಹೇಳುತ್ತದೆ.
ನನಗೆ ಗೊತ್ತು. ನನ್ನ ಮಗನಿಗೆ
ಹೀಗೇ ಕುಡಿಸಿ ಕಳಿಸಿದವಳು ನಾನು.

ಒಳಗೆ ಹದಿನೈದು ಚಾಪೆ.
ಕರ್ಕೊಂಡು ಹೋಗು, ಎಂದೆ.
ಬಯ್ಯಲಿಲ್ಲ ಅವಳು. ಚೀಲದಿಂದ
ಮಗುವಿನ ಸ್ಟೀಲು ಲೋಟ ತೆಗೆದು, ನೋಡಿ,
ಮತ್ತೆ ಚೀಲಕ್ಕೇ ಹಾಕಿದಳು.
ಆ ಸದ್ದು ಒಂದು ದಿನದ ಕೂಲಿಯಷ್ಟಿತ್ತು.

ಸಂಜೆ, ಅಮೃತಂ ಪುಡಿಯ ಪ್ಯಾಕೇಟು ಕೊಡುವ ನೆಪದಲ್ಲಿ
ಅವರ ಮನೆಗೆ ಹೋದೆ. ನಾದಿನಿಯ ಕೂಸು ಬೇರೆ ಇತ್ತು ಅಲ್ಲಿ,
ನಲವತ್ತು ತುಂಬಿರಲಿಲ್ಲ.
ಅಜ್ಜಿ ಮರಿಯುಮ್ಮ ತಲೆವಸ್ತ್ರದ ತುದಿಯನ್ನು
ಮೂಗಿನ ಮೇಲಕ್ಕೆ ಬಿಗಿದು
ಕೂಸಿಗೂ ಜ್ವರಕ್ಕೂ ನಡುವೆ ಗೋಡೆಯಂತೆ ಕೂತಿದ್ದಳು,
ಯಾವ ಕಾಗದವನ್ನೂ ಓದದೆ.
ಕಿಟಕಿ ತೆರೆದಿತ್ತು. ಗಂಜಿನೀರಿಗೆ ಉಪ್ಪು ಬಿದ್ದಿತ್ತು.
ಉಸಿರೆಳೆಯುವಾಗ ಎದೆ ಗುಳಿಬಿದ್ದರೆ
ನಡುರಾತ್ರಿಯಾದರೂ ಹೊರಡಿ, ಎಂದೆ.
ಅವಳು ಗೋಡೆ ತೋರಿಸಿದಳು:
ಆಟೋದವನ ನಂಬರು, ಇದ್ದಿಲಿನಲ್ಲಿ,
ಕತ್ತಲಲ್ಲೂ ಕಾಣುವಷ್ಟು ದೊಡ್ಡದಾಗಿ.

ಸೋಮವಾರ ಬೆಳಿಗ್ಗೆ ನನ್ನ ಗಂಟಲಲ್ಲಿ ಮರಳು.
ಕಣ್ಣುಗುಡ್ಡೆ ಹೊರಳಿಸಿದರೂ ನೋವು.
ಗುಳಿಗೆ ಇತ್ತು; ನುಂಗಿದ್ದರೆ
ಹನ್ನೊಂದರ ತನಕ ನಡೆಯುತ್ತಿತ್ತು.
ಹೋದ ವಾರ ಉಪ್ಪಿಟ್ಟು ಬಡಿಸುವಾಗ
ಒಮ್ಮೆ ಕೆಮ್ಮಿದ್ದೆನಲ್ಲ,
ಒಂದು ಕೈಯಲ್ಲಿ ಪಾತ್ರೆ, ಒಂದರಲ್ಲಿ ಸೌಟು.
ಮೊಣಕೈ ಎಲ್ಲಿತ್ತು ಆಗ?
ರಿಫಾ ನನ್ನ ಮಗ್ಗುಲಲ್ಲೇ ಕೂತಿದ್ದಳಲ್ಲವೇ?
ಯಾರಿಂದ ಯಾರಿಗೆ ಎಂದು
ಯಾವ ಮೊಹರೂ ಹೇಳುವುದಿಲ್ಲ.

ಸಾಬೂನು ಹಾಕಿ ತೊಳೆದ ಬೀಗದ ಕೈಯನ್ನು
ಗೇಟಿನ ಸರಳಿಗೆ ತೂಗಿಸಿ, ದೂರ ಸರಿದು ಕೂಗಿದೆ:
ಬೀಫಾತಿಮ್ಮಾ, ಇವತ್ತು ನೀವೇ.
ಎರಡು ದಿನ ಜ್ವರವಿಲ್ಲದೆ ಮರಳಿದ ರಿಫಾ
ಕಿಟಕಿಯ ಕಂಬಿಗೆ ಗಲ್ಲ ಒತ್ತಿ ನೋಡಿದಳು.
ಒಳಗೆ ಬನ್ನಿ ಎನ್ನಲಿಲ್ಲ.
"ಟೀಚರಿಗೆ ಪನಿ," ಎಂದಳು ಹಿಂದೆ ತಿರುಗಿ,
ಎಲ್ಲರಿಗೂ ಕೇಳುವ ಹಾಗೆ.

ಚನಿಯಾರುವಿನ ಮಗ ಆಕಾಶ ನೋಡಿದ.