ಪಟ್ಟಿ ಬರೆಯಲು ಬಂದವನಿಗೆ

ಕೂತ್ಕೋ. ಆ ಕುರ್ಚಿ ಬೇಡ, ಕಾಲು ಸಡಿಲ.
ಮಿಶ್ಕೋಲ್ಟ್ಸ್ ಟ್ರಾಮ್ ಡಿಪೊದಲ್ಲಿ
ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಂದೆ,
ಬೋಗಿ ತೊಳೆದ ಸೋಪಿನ ವಾಸನೆ ಇನ್ನೂ ಕೈಯಲ್ಲಿದೆ.
ಜಗತ್ತು ಕಂಡ ಹೆಣ್ಣು ಬಾಕ್ಸರುಗಳಲ್ಲಿ
ಯಾರು ದೊಡ್ಡವರು ಅಂತ ತಾನೇ ನಿನ್ನ ಪುಸ್ತಕ?
ಸರಿಯಾದ ಮನೆಗೇ ಬಂದಿದ್ದೀಯ.
ಅವರಲ್ಲಿ ಅರ್ಧ ಜನ ನನ್ನನ್ನು ಹೊಡೆದವರು.

ಮೂವತ್ತೊಂಬತ್ತು ಪಂದ್ಯ. ಗೆದ್ದದ್ದು ಒಂದು.
ನಿನ್ನ ಕಾಗದದಲ್ಲಿ ಎರಡು ಅಂತಿದೆಯಾ? ಒಂದನ್ನು ಹೊಡೆದುಹಾಕು.
ಆ ಸಲ ಎದುರಿನ ಹುಡುಗಿ ಬರಲೇ ಇಲ್ಲ,
ಗಡಿಯಲ್ಲಿ ಅವಳ ಬಸ್ಸು ಕೆಟ್ಟಿತ್ತು.

ಹೈಡ್ರುನ್. ರೋಸ್ಟಾಕಿನವಳು,
ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವವನ ಮಗಳು.
ಅವಳ ಬಗ್ಗೆ ನನ್ನ ಬಾಯನ್ನು ಕೇಳಬೇಡ,
ಇಗೋ, ಬಲಪಕ್ಕೆಯ ಕೆಳಗಿನ ಈ ನಾಲ್ಕು ಬೆರಳ ಜಾಗವನ್ನು ಕೇಳು.
ಅವಳ ಎಡಗೈ ಬಂದು ಬಿತ್ತು. ಏನೂ ಆಗಲಿಲ್ಲ.
ಒಂದು, ಎರಡು ಎಣಿಸುವಷ್ಟು ಹೊತ್ತು
ಓಹೋ, ಇಷ್ಟೇನಾ ಅಂದುಕೊಂಡೆ.
ಆಮೇಲೆ ಮೊಣಕಾಲು ನನ್ನ ಮಾತು ಕೇಳಲಿಲ್ಲ.
ಈಗಲೂ ಚಳಿಗಾಲದಲ್ಲಿ ಹಾಲು ಕಾಯಿಸುತ್ತ ನಿಂತರೆ
ಬಾಗಿಲು ತಟ್ಟದೆ ಒಳಗೆ ಬರುತ್ತಾಳೆ ಹೈಡ್ರುನ್.

ಸಿಗ್ನೆ, ಡೆನ್ಮಾರ್ಕಿನವಳು. ಮುಖ ನೆನಪಿಲ್ಲ.
ನೋಡಿದ್ದರೆ ತಾನೇ!
ಎಂಟು ಸುತ್ತೂ, ಅವಳು ಆಗಷ್ಟೇ ಬಿಟ್ಟುಹೋದ ಜಾಗಕ್ಕೆ ಗುದ್ದಿದೆ.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂತಾರಲ್ಲ,
ಆ ಗಾಳಿ ತಿರುಗಿ ಗುದ್ದುತ್ತಿತ್ತು, ಅಷ್ಟೇ ವ್ಯತ್ಯಾಸ.

ಎಲ್ವಿರಾ, ಸಾಂತಾ ಫೆಯಿಂದ ಬಂದವಳು.
ಹ್ಯಾಂಬರ್ಗಿನಲ್ಲಿ ಮೂರನೇ ಸುತ್ತಿಗೆ ನನ್ನನ್ನು ಮಲಗಿಸಿದಳು.
ಸಭೆಯೆಲ್ಲ ಎದ್ದು ಅವಳ ಹೆಸರು ಕೂಗುತ್ತಿದ್ದಾಗ
ಅವಳು ಕೈ ಎತ್ತಲಿಲ್ಲ.
ಪಕ್ಕದಲ್ಲಿ ಕೂತು, ನನ್ನನ್ನು ಮಗ್ಗುಲಿಗೆ ಹೊರಳಿಸಿ,
ಕೈಗವಸಿನ ಆ ದಪ್ಪ ಮುಷ್ಟಿಗಳಲ್ಲೇ
ಬಾಯೊಳಗಿನ ರಬ್ಬರು ಹೊರಗೆಳೆದಳು,
ಬೆಕ್ಕು ತನ್ನ ಮರಿಯನ್ನು ಎತ್ತಿದ ಹಾಗೆ.
ಅವಳ ಬೆವರಿನ ಹನಿ ನನ್ನ ಕಣ್ಣಿಗೆ ಬಿದ್ದು ಉರಿಯಿತು.
ಉರಿದದ್ದರಿಂದಲೇ ಗೊತ್ತಾಯಿತು, ಬದುಕಿದ್ದೇನೆ.
ನಿನ್ನ ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇದೆಯೇನಯ್ಯ?

ಮಂಗಳವಾರ ಫೋನು. ಶನಿವಾರ ಪಂದ್ಯ.
ನಡುವೆ ಹದಿನಾಲ್ಕು ಗಂಟೆಯ ಬಸ್ಸು,
ಚೀಲದಲ್ಲಿ ಅಮ್ಮ ಕಟ್ಟಿದ ಬ್ರೆಡ್ಡು, ಸೌತೆಯ ಉಪ್ಪಿನಕಾಯಿ.
ತೂಕ ಮುಗಿಯುವ ತನಕ ಮುಟ್ಟುವ ಹಾಗಿಲ್ಲ,
ಬಸ್ಸೆಲ್ಲ ಅದರ ಘಮ.
ಸೋಲು ಅಂತ ಯಾರೂ ಹೇಳಲಿಲ್ಲ ನನಗೆ, ದೇವರಾಣೆ.
ಲಕೋಟೆಯನ್ನು ಮಾತ್ರ ಮೊದಲೇ ಅಂಟಿಸಿಡುತ್ತಿದ್ದರು.
ಯಾರು ಎಷ್ಟು ತೂಗುತ್ತಾರೆ ಅಂತ ನೋಡಲು
ತಕ್ಕಡಿಯ ಆ ಕಡೆ ಒಂದು ಕಲ್ಲು ಬೇಕಲ್ಲ, ಅದು ನಾನು.
ತೂಗಿದ ಮೇಲೆ ಕಲ್ಲನ್ನು ಯಾರೂ ಮನೆಗೆ ಒಯ್ಯುವುದಿಲ್ಲ.
ಹಾಗಂತ ಕಲ್ಲು ಸುಳ್ಳು ಹೇಳಿದರೆ
ಸಂತೆಗೆ ಸಂತೆಯೇ ಸುಳ್ಳಾಗುತ್ತಿತ್ತು, ಗೊತ್ತಿರಲಿ.

ಗೆದ್ದದ್ದು? ಅದು ಬ್ರ್ನೋದಲ್ಲಿ.
ಹತ್ತೊಂಬತ್ತರ ಹುಡುಗಿ, ಜಡೆಗೆ ಕೆಂಪು ದಾರ,
ಅವಳ ಊರು, ಅವಳ ಹುಟ್ಟುಹಬ್ಬ, ಕೇಕು ಕೂಡ ಬಂದಿತ್ತಂತೆ.
ನನ್ನ ಬಲಗೈ ಹೋಗಿಬಿಟ್ಟಿತು. ನಾನು ಕಳಿಸಿದ್ದಲ್ಲ.
ಅವಳ ಕಣ್ಣು ನೋಡಿದೆ:
ಮೊಣಕಾಲು ಮಾತು ಕೇಳದ ಆ ಎರಡು ಕ್ಷಣ
ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ಆವತ್ತೇ ತಿಳಿದದ್ದು.
ಚಪ್ಪಾಳೆ ಒಂದೇ, ಅದೂ ಟಿಕೆಟ್ ಹರಿಯುವ ಮುದುಕಿಯದು.
ಆಮೇಲೆ ಒಂದು ವರ್ಷ ಫೋನು ಬರಲಿಲ್ಲ.
ಅವಳ ಹೆಸರು ಬೇಡ. ಅದನ್ನು ನಾನು ಹೇಳುವುದಿಲ್ಲ.

ಒಂದನೇ ಸ್ಥಾನ ಯಾರಿಗೆ ಅಂತ ಮತ್ತೆ ಕೇಳುತ್ತೀಯಲ್ಲ.
ಚಳಿ ದಿನ ಕೇಳಿದರೆ ಹೈಡ್ರುನ್,
ನಿದ್ದೆ ಬಾರದ ರಾತ್ರಿ ಎಲ್ವಿರಾ.
ಇವತ್ತು ಟೀ ಕುಡಿ, ಆರುತ್ತಿದೆ.

ಹಾಂ, ಒಂದು ತಿದ್ದುಪಡಿ.
ಜರ್ಮನಿಯ ಪೋಸ್ಟರುಗಳಲ್ಲೆಲ್ಲ ನನ್ನ ಹೆಸರು ತಲೆಕೆಳಗು.
ನಮ್ಮಲ್ಲಿ ಮನೆತನ ಮೊದಲು, ಮನುಷ್ಯರು ಆಮೇಲೆ.
ಹಲ್ಮೋಶಿ ಇಲ್ದಿಕೋ.
ಬರೆದುಕೊಂಡೆಯಾ? ಓದು ನೋಡೋಣ.
ಈ ಕಡೆಯಿಂದ ಬಂದು ಓದು.
ಆ ಕಿವಿ ಬ್ರೆಮೆನ್‌ನಲ್ಲೇ ಉಳಿಯಿತು.