ಹೆರ್ಮಿನೆ ಪಾದ್ರಿಗೆ ಹೇಳಿದ್ದು

ಬೂಟು ಬಿಚ್ಚಬೇಡಿ ಪಾದ್ರಿಗಳೇ, ನೆಲ ಕೊರೆಯುತ್ತದೆ.
ತಿಂಗಳಿಗೊಂದು ಭಾನುವಾರ ನಮ್ಮ ಪಾಲಿಗೆ ನೀವು,
ಉಳಿದದ್ದು ಬೆಟ್ಟದಾಚೆಯವರಿಗೆ.
ಇವತ್ತು ಏಳು ಮಂದಿ ಇದ್ದೆವು,
ಜರ್ಮನಿಗೆ ಹೋಗದೆ ಉಳಿದ ಸ್ಯಾಕ್ಸನ್ನರು,
ಇಬ್ಬರಿಗೆ ಕಿವಿ ಮಂದ.
ಆದರೂ ಕೇಳಿಸಿತು:
ರಕ್ಷಣೆ ಕೂಲಿಯಲ್ಲ, ಕೊಡುಗೆ.
ದುಡಿದು ಗಳಿಸುವುದಲ್ಲ, ನಂಬಿ ಕೈಯೊಡ್ಡುವುದು.

ಸರಿ. ಹಾಗಾದರೆ ನನ್ನ ಅಂಗೈ ನೋಡಿ.
ನಲವತ್ತು ವರ್ಷ, ನಾಲ್ಕು ಗಂಟೆಹಗ್ಗ ಸವೆದವು ಇದರಲ್ಲಿ.
ಒಡ್ಡೋಣವೆಂದರೆ ಬೆರಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಇಗರ್ಜಿಯ ಕೋಟೆಗೋಡೆಗೆ ಮೂಲೆಯಲ್ಲೊಂದು ಬುರುಜಿದೆಯಲ್ಲ,
ಹಿಂದೆ ಅಲ್ಲಿ ಮನೆಮನೆಯ ಹಂದಿಮಾಂಸ ತೂಗುತ್ತಿತ್ತು.
ಭಾನುವಾರ ಅವರವರ ಪಾಲು ಕೊಯ್ದು
ಕೊಯ್ದ ಅಂಚಿಗೊಂದು ಮುದ್ರೆ ಒತ್ತುತ್ತಿದ್ದರು.
ದೇವರನ್ನು ನಂಬಿದ್ದೆವು, ಪಕ್ಕದ ಮನೆಯ ಚೂರಿಯನ್ನಲ್ಲ.
ಚಿಕ್ಕವಳಿದ್ದಾಗ ನನ್ನೆಣಿಕೆಯೂ ಅದೇ:
ಮೇಲೆಯೂ ಒಂದು ಬುರುಜು, ನನ್ನ ಹೆಸರಿನ ಕೊಕ್ಕೆ,
ಒಂದೊಂದು ಪಾಪಕ್ಕೂ ಒಂದೊಂದು ಚೂರು ಕಡಿಮೆ,
ಯಾರೋ ಮುದ್ರೆ ಒತ್ತುತ್ತ ಕೂತಿದ್ದಾರೆ.

ಆಮೇಲೆ ಜನವರಿ, ನಲವತ್ತೈದು.
ದನ ತುಂಬುವ ರೈಲುಡಬ್ಬಿ. ಅವ್ವನನ್ನು ಕಲ್ಲಿದ್ದಲ ಗಣಿಗೆ ಒಯ್ದರು.
ಅಂದಿನಿಂದ ಪ್ರಾರ್ಥನೆ ನನ್ನ ಗಂಟಲಲ್ಲಿ
ಒಣ ರೊಟ್ಟಿಯ ತುಂಡು,
ಒಳಗೂ ಹೋಗದು, ಹೊರಗೂ ಬಾರದು.
ಇದನ್ನು ನಿಮ್ಮ ಹಿಂದಿನ ಪಾದ್ರಿಗೂ ಹೇಳಿರಲಿಲ್ಲ.

ನಂಬುತ್ತಿದ್ದವಳು ಅಗ್ನೇಥಾ, ನನ್ನ ಅಕ್ಕ.
ನೀವು ಕೂತ ಕುರ್ಚಿಯ ಪಕ್ಕ, ಈ ಮಂಚದಲ್ಲಿ, ಹನ್ನೊಂದು ವರ್ಷ.
ಲಕ್ವ ಹೊಡೆದು ಉಳಿದದ್ದು ಎಡಗೈಯ ಎರಡು ಬೆರಳು.
ತಿನ್ನಿಸಿದೆ, ತೊಳೆದೆ, ಮಗ್ಗುಲು ಬದಲಿಸಿದೆ.
ಒಂದು ರಾತ್ರಿ ಚಮಚ ಕುಕ್ಕಿ ಅಂದೆ:
ನಂಬುವುದು ನಿನ್ನ ಪಾಲು, ಬಳಿಯುವುದು ನನ್ನ ಪಾಲು,
ಪರಲೋಕ ಯಾರ ಪಾಲು, ಹೇಳು!

ಅವಳು ಎರಡು ಬೆರಳಲ್ಲಿ ನನ್ನ ತೋಳಿನಂಚು ಹಿಡಿದಳು.
ಬಿಡಲಿಲ್ಲ. ಗಂಜಿ ಆರಿತು.
ಆಮೇಲೆ ಬಾಯಿ ತೆರೆದಳು.
ಅಷ್ಟು ಬೈಸಿಕೊಂಡ ಮೇಲೂ
ಚಮಚ ಬಂದೇ ಬರುತ್ತದೆಂದು ತೆರೆದ ಬಾಯಿ.
ಅದನ್ನು ಏನೆಂದು ಕರೆಯುತ್ತೀರಿ, ನಂಬಿಕೆಯೋ, ಕೆಲಸವೋ?
ನಾನಂತೂ ತಿನ್ನಿಸಿದೆ.
ನನ್ನನ್ನು ಅಷ್ಟು ನಂಬಿದವರು ಬೇರೆ ಯಾರೂ ಇರಲಿಲ್ಲ.

ಗಂಟೆಯದೊಂದು ವಿಷಯ, ನಿಮಗೆ ಓದಿಸಿದವರು ಹೇಳಿರಲಾರರು.
ಮೊದಲ ಮೂರು ಎಳೆತ ಮೈಮುರಿಯುವ ದುಡಿತ.
ನಾಲ್ಕನೆಯದಕ್ಕೆ ಕಂಚು ತಾನೇ ತೂಗಲು ಹಿಡಿದು
ಹಗ್ಗ ಮೇಲೇರುತ್ತ ನಮ್ಮನ್ನೇ ಎಳೆಯುತ್ತದೆ.
ಹಿಮ್ಮಡಿ ನೆಲ ಬಿಡುತ್ತದೆ.
ಎಂಬತ್ತು ದಾಟಿದವಳು, ಗಾಳಿಯಲ್ಲಿ ಗೇಣೆತ್ತರ!
ಆ ಹೊತ್ತಿಗೆ ಎಳೆಯುವವಳು ನಾನಲ್ಲ,
ಬಿಡದೆ ಹಿಡಿದವಳು, ಅಷ್ಟೇ.
ಮೊದಲ ಎಳೆತವೂ ನಿನ್ನದಲ್ಲ ಎನ್ನುತ್ತೀರಿ, ಗೊತ್ತು,
ಗಂಟೆ ತೂಗುಹಾಕಿದವನು ಬೇರೆ ಎನ್ನುತ್ತೀರಿ.
ಇರಬಹುದು. ಎರಕ ಹೊಯ್ದವನ ಹೆಸರು ಕಂಚಿನಲ್ಲೇ ಇದೆ,
ನನ್ನ ಹೆಸರು ಎಲ್ಲೂ ಇಲ್ಲ.

ಆದರೆ ನಡುಹಗಲಿಗೆ ಅದು ಮೊಳಗಿದಾಗ
ಕೆಳಗೆ ಮೆಕ್ಕೆಜೋಳದ ಹೊಲದಲ್ಲಿ ವಿಯೋರಿಕಾ ಬೆನ್ನು ನೆಟ್ಟಗೆ ಮಾಡಿ
ಅವರ ಪದ್ಧತಿಯಂತೆ ಬಲದಿಂದ ಎಡಕ್ಕೆ ಶಿಲುಬೆ ಗೀಚಿ
ಬುತ್ತಿ ಬಿಚ್ಚುತ್ತಾಳೆ.
ಬಾರಿಸಿದವಳ ಎದೆಯಲ್ಲಿ ಏನಿತ್ತೆಂದು ಕೇಳಿದವಳಲ್ಲ.

ಹೊರಟಿರಾ? ತಡೆಯಿರಿ.
ಮುಂದಿನ ತಿಂಗಳು ಬರುವಾಗ ಹಗ್ಗ ತನ್ನಿ,
ಐದನೆಯದೂ ಎಳೆ ಬಿಡುತ್ತಿದೆ.
ಸೆಣಬಿನದು. ನೈಲಾನ್ ಬೇಡ, ಕೈ ಸುಡುತ್ತದೆ.
ಇಪ್ಪತ್ತೆರಡು ಮೀಟರ್. ತುದಿಯ ಗಂಟು ನಾನೇ ಹಾಕಿಕೊಳ್ಳುತ್ತೇನೆ.
ದುಡ್ಡು ಮಾತ್ರ ಕೇಳಬೇಡಿ.
ಕೊಡುಗೆ ಅಂದಿರಲ್ಲ,
ಹಾಗೇ ಬರೆದುಕೊಳ್ಳಿ.